ಒಂದು ಗೇಣು ದೂರ

ತನ್ನ ತೊಡೆಯ ಮೇಲೆ ಒಂದು ನಾಯಿ ಕೂತಿದೆ ಎಂಬುದನ್ನು ಮುಕ್ತಾಬಾಯಿ ಇನ್ನೂ ಒಪ್ಪಿಕೊಂಡಿರಲಿಲ್ಲ. ತೊಡೆಯ ಮೇಲಿರುವುದು ಧಾಬಳಿ. ಧಾಬಳಿಯ ಒಳಗೆ ಏನಿದೆ ಎಂಬುದು ಬೇರೆ ಮಾತು. ಪೂಜೆಗೆ, ಊಟಕ್ಕೆ ಉಡುವ ಉಣ್ಣೆಯ ಆ ಮಡಿಬಟ್ಟೆಗೆ ಯಾರು ಮುಟ್ಟಿದರೂ ಮೈಲಿಗೆ ತಟ್ಟುವುದಿಲ್ಲವೆಂದು ಹಿರಿಯರೇ ಹೇಳಿಲ್ಲವೆ? ಹಾಗಿದ್ದ ಮೇಲೆ ನಡುವೆ ಉಣ್ಣೆ ಇರುವ ತನಕ ತಾನು ಯಾರನ್ನೂ ಮುಟ್ಟಿದಂತಲ್ಲ. ಹೀಗೆ ತಾನೇ ವಕೀಲಳೂ ತಾನೇ ಮುನ್ಸೀಫಳೂ ಆಗಿ ಫೈಸಲಾ ಕೊಟ್ಟುಕೊಂಡು, ಧಾಬಳಿಯ ನಾಲ್ಕು ತುದಿಗಳನ್ನು ಗಂಟಿನಂತೆ ಮೇಲಕ್ಕೆ ಹಿಡಿದು, ಆಕೆ ಹೈದರಾಬಾದಿನ ಬೇಗಂಪೇಟೆಯಲ್ಲಿ ನಿಂತಿದ್ದ ವಿಮಾನದ ಕುರ್ಚಿಯಲ್ಲಿ ಬೆನ್ನು ಆನಿಸದೆ ಕೂತಿದ್ದಳು. ವಿಮಾನವೋ, ನಿಂತಲ್ಲೇ ಮೂಗು ಮೇಲೆತ್ತಿಕೊಂಡಿತ್ತು. ಬಾಗಿಲಿನಿಂದ ಕುರ್ಚಿಯ ತನಕ ಏರು ಹತ್ತಿಯೇ ಬರಬೇಕಾಯಿತು. ಇನ್ನು ಮೂರು ತಾಸಿಗೆ ಮುಂಬಯಿ. ಅಲ್ಲಿ ಲತೀಫಾ ನಿಂತಿರುತ್ತಾಳೆ. ಅವಳ ನಾಯಿಯನ್ನು ಅವಳಿಗೆ ಒಪ್ಪಿಸಿದರೆ ಮುಗಿಯಿತು. ನಾಲ್ಕು ವರ್ಷ ಮೂರು ತಿಂಗಳು ಮನೆಯಲ್ಲಿದ್ದ ಜೀವ, ಒಂದು ದಿನವೂ ಕೈಯಿಂದ ಮುಟ್ಟಿರಲಿಲ್ಲ. ಇವತ್ತು ಮುಟ್ಟದಿದ್ದರೆ ಇನ್ನು ಮುಟ್ಟುವುದಿಲ್ಲ. ಈ ಮಾತು ಮನಸ್ಸಿಗೆ ಬಂದಾಗಲೆಲ್ಲ ಮುಕ್ತಾಬಾಯಿ ‘ವಿಠ್ಠಲಾ’ ಎಂದು ಕಿಟಕಿಯ ಕಡೆ ತಿರುಗುತ್ತಿದ್ದಳು.

ಎಲ್ಲ ತಪ್ಪೂ ಬುಟ್ಟಿಯದು. ಅಲ್ಲ, ಪಾಪ, ಬುಟ್ಟಿಯದೇನು ತಪ್ಪು, ಹೇಳಿ ಮಾಡಿಸಿದವಳದು. ತಮ್ಮ ಬಂಡು ಹೈದರಾಬಾದಿನಲ್ಲಿ ಒಂದು ವಿಮಾನ ಕಂಪನಿಯ ಟಿಕೀಟು ಆಫೀಸಿನಲ್ಲಿ ಕಾರಕೂನ. ಒಡಹುಟ್ಟಿದವರಿಗೆ ವರ್ಷಕ್ಕೊಂದು ಸಲ ಪುಕ್ಕಟೆ ಪಾಸು ಕೊಡುತ್ತಾರೆಂದು, ಸಣ್ಣ ನಾಯಿಯಾದರೆ ಬುಟ್ಟಿಯಲ್ಲಿಟ್ಟು ಕಾಲ ಬುಡದಲ್ಲೇ ಇಟ್ಟುಕೊಳ್ಳಬಹುದೆಂದು ಅವನು ಬರೆದಿದ್ದ. ಪತ್ರದ ಜೊತೆ ಒಂದು ದಾರವನ್ನೂ ಕಳಿಸಿದ್ದ; ಬುಟ್ಟಿ ಆ ದಾರದ ಉದ್ದಕ್ಕಿಂತ ಒಂದು ಬೆರಳೂ ಹೆಚ್ಚಾಗಬಾರದು. ಮುಕ್ತಾಬಾಯಿ ಕಲಬುರ್ಗಿಯ ಬ್ರಹ್ಮಪುರದ ಮನೆಗೆ ಮೊರ ಮಾರಲು ಬರುತ್ತಿದ್ದ ಮೇದಾರ ಚಂದಮ್ಮನಿಗೆ ದಾರ ಕೊಟ್ಟಳು, ಚಂದಮ್ಮ ಅಳತೆಗೆ ಸರಿಯಾಗಿ ಚೆಂದದ ಬುಟ್ಟಿ ಹೆಣೆದು ತಂದಳು. ಆಗ ಮುಕ್ತಾಬಾಯಿಗೆ ಹೊಳೆಯಿತು: ನಾಯಿ ಕೂತ ಬುಟ್ಟಿಯನ್ನು ಎತ್ತುವವರು ಯಾರು? ಬುಟ್ಟಿ ನಾಯಿಗೆ ತಗಲಿರುತ್ತದೆ, ತಾನು ಬುಟ್ಟಿಗೆ ತಗಲಬೇಕಾಗುತ್ತದೆ. ‘ಇದರ ಹೊರಗ ಇನ್ನೊಂದು ಬುಟ್ಟಿ ಹೆಣಿಯವಾ, ಎರಡರ ನಡುವ ನಾಲ್ಕು ಬೆರಳ ಜಾಗಾ ಇರಲಿ’ ಎಂದಳು. ಚಂದಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು ನಕ್ಕಿದ್ದಳು. ‘ಬುಟ್ಟಿಗೂ ಮಡಿ ಉಡಿಸ್ತೀರೇನ್ರೀ ಬಾಯಾರ?’

ಇವತ್ತು ಬೆಳಿಗ್ಗೆ ಬೇಗಂಪೇಟೆಯಲ್ಲಿ ಆ ಬುಟ್ಟಿಯನ್ನು ನೋಡಿದ ಬಂಡುವಿನ ಮುಖ! ಮೊದಲೇ ಅಲ್ಲಿ ಮನುಷ್ಯರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಎಳೆದುಕೊಂಡು, ಸೂಟುಬೂಟಿನವರ ಸಾಲಿನಲ್ಲಿ ತನ್ನ ಸರದಿಗೆ ಕಾದು, ತೊಗರಿ ಚೀಲದಂತೆ ತಕ್ಕಡಿ ಹತ್ತಿ ನಿಂತಾಗ ಮುಕ್ತಾಬಾಯಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಬಂಡು ತನಗೇನೂ ಕೇಳಿಸಲಿಲ್ಲ ಎನ್ನುವಂತೆ ರಿಜಿಸ್ಟರಿನಲ್ಲಿ ತಲೆ ಹುದುಗಿಸಿದ. ಅಕ್ಕನ ಬಗ್ಗೆ ಅವನಿಗೆ ನಾಚಿಕೆಯಾಯಿತು, ಅದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ಅವನಿಗೂ ಗೊತ್ತಾಯಿತು. ಅದೇ ಸಿಟ್ಟಿಗೆ ಬುಟ್ಟಿಯ ಮೇಲೆ ಹರಿಹಾಯ್ದ.

‘ಅಕ್ಕಾ, ದಾರ ಕಳಿಸಿದ್ನಲ್ಲ? ಇದೇನಿದು, ಕಾಳು ತುಂಬೋ ಹಗೇವು ತಂದಿ?’

‘ಒಳಗಿಂದು ನಿನ್ನ ದಾರದಷ್ಟೇ ಅದಪಾ. ಹೊರಗಿಂದು ನನ್ನ ಸಲುವಾಗಿ.’

‘ನಿನ್ನ ಸಲುವಾಗಿ ವಿಮಾನ ಅಗಲ ಮಾಡ್ಲಿಕ್ಕೆ ಬರ್ತದೇನು? ಒಳಗಿಂದು ತಗಿ ಅಂದ್ರ ಎರಡೂ ಕೂಡಿಸಿ ಹೆಣದಾಳ ಪುಣ್ಯಾತಗಿತ್ತಿ!’

ಅವನ ಮೇಲಿನ ಸಾಹೇಬ ಬಂದು ನೋಡಿದ. ಬುಟ್ಟಿ ಹಿಂದೆ ಸಾಮಾನಿನ ಕೋಣೆಗೆ ಹೋಗಬೇಕು, ನಾಯಿ ಬೇಕಾದರೆ ಅದರಲ್ಲೇ ಹೋಗಲಿ, ಬೇಡವೆಂದರೆ ಈ ಬಾಯಿ ಅದನ್ನು ಮಡಿಲಲ್ಲಿ ಹಿಡಿದು ಕೂರಲಿ, ಎಂದು ಉರ್ದುವಿನಲ್ಲಿ ಹೇಳಿ ಹೋದ. ಬಂಡು ಅಕ್ಕನ ಮುಖ ನೋಡಿದ. ಅವನ ಸಿಟ್ಟು ಅಷ್ಟರಲ್ಲೇ ಇಳಿದುಹೋಗಿತ್ತು. ‘ಬಿಡಕ್ಕಾ, ಹಿಂದನೇ ಹಾಕೋಣು. ಮೂರು ತಾಸಿನ ಮಾತು, ಸಾಯೂದಿಲ್ಲ ಅದು’ ಎಂದ ಮೆಲ್ಲಗೆ. ಸಾಮಾನಿನ ಕೋಣೆ! ವಿಮಾನದ ಮಾತು ಬರುವ ಮುಂಚೆ ಕಲಬುರ್ಗಿ ಸ್ಟೇಶನ್ನಿನಲ್ಲಿ ಮುಂಬಯಿ ಗಾಡಿಗೆ ಇದೇ ನಾಯಿಯನ್ನು ಹತ್ತಿಸಲು ಹೋದಾಗಲೂ ಹೀಗೇ ಆಗಿತ್ತು. ಗಾರ್ಡಿನ ಡಬ್ಬಿಯಲ್ಲಿ ನಾಯಿಗೆಂದೇ ಒಂದು ಕಬ್ಬಿಣದ ಪೆಟ್ಟಿಗೆ. ಅದರೊಳಗೆ ದೂಡಿ ಚಿಲಕ ಹಾಕಿದರು. ಅದು ಬೊಗಳಲಿಲ್ಲ, ಅಳಲಿಲ್ಲ. ಜಾಳಿಗೆಯ ಸಂದಿಯಿಂದ ಮುಕ್ತಾಬಾಯಿಯನ್ನೇ ನೋಡಿತು, ಅಷ್ಟೆ. ಗಾಡಿ ಸೀಟಿ ಹಾಕಿದ ಮೇಲೆ ಆಕೆ ಪ್ಲಾಟ್‌ಫಾರ್ಮಿನ ತುಂಬ ಕೇಳುವಂತೆ ‘ತಗೀರಿ, ತಗೀರಿ ಅದನ್ನ’ ಎಂದು ಕೂಗಿ ಇಳಿಸಿಕೊಂಡಿದ್ದಳು.

‘ಧಾಬಳಿ ಕೊಡು’ ಎಂದಳು ಬಂಡುವಿಗೆ. ‘ಅದಕ್ಕ ಸುತ್ತಿ ಕೊಡು. ನಾ ಹಿಡಕೋತೀನಿ.’

ಈಗ ಬತ್ತಾಸಿ ಧಾಬಳಿಯೊಳಗಿಂದ ಮುಖವಷ್ಟನ್ನೇ ಹೊರಗಿಟ್ಟು ಕೂತಿದೆ. ಹೆಸರು ಇಟ್ಟವಳು ಲತೀಫಾ. ಬಿಳಿಯ ಮೈ, ಗುಂಡಗಿನ ತಲೆ, ಸಂತೆಯಲ್ಲಿ ತೂಗಿ ಕೊಡುವ ಸಕ್ಕರೆ ಬತ್ತಾಸಿನ ಹಾಗೆಯೇ ಇತ್ತಂತೆ ಮರಿಯಿದ್ದಾಗ. ಈಗ ಮೂತಿಯ ಸುತ್ತ ಹಳದಿ ಬಂದಿದೆ, ಒಂದು ಕಣ್ಣಿಗೆ ಮಸುಕು. ಮುಕ್ತಾಬಾಯಿ ಬಗ್ಗಿ ನೋಡಿದಳು. ಅದು ನೋಡಲಿಲ್ಲ. ಅದರ ಮೈಯೆಲ್ಲ ಬಿಗಿಯಾಗಿತ್ತು. ಇಷ್ಟು ಮೆತ್ತಗಿನ ತೊಡೆ ಸಿಕ್ಕರೂ ಒರಗದೆ, ನಾಲ್ಕೂ ಕಾಲು ಒಟ್ಟು ಮಾಡಿಕೊಂಡು, ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಜಾಗದಲ್ಲಿ ಅದು ಕೂತಿತ್ತು. ಅರೆ, ಹೆದರಿದೆ ಎಂದುಕೊಂಡಳು. ವಿಮಾನಕ್ಕೆ ಹೆದರಿದೆ.

ಪಕ್ಕದ ಕುರ್ಚಿಗೆ ಒಬ್ಬ ದಪ್ಪ ಮನುಷ್ಯ ಬಂದು ಕೂತ. ಧೋತರ, ಕರಿ ಕೋಟು, ತಲೆಗೆ ರುಮಾಲು, ಹಣೆಯ ತುಂಬ ವಿಭೂತಿ. ಕೂತವನೇ ನಾಯಿಯನ್ನು ನೋಡಿದ, ಕೆಂಪು ಸೀರೆಯನ್ನು ನೋಡಿದ, ಮತ್ತೆ ನಾಯಿಯನ್ನು ನೋಡಿದ.

‘ಯಾವೂರ್ರೀ ಬಾಯಾರ?’

‘ಕಲಬುರ್ಗಿ.’

‘ಹೌದೇನ್ರೀ! ನಾನೂ ಕಲಬುರ್ಗಿನೇ. ಮಾಣಿಕಪ್ಪ ಅಂತ, ತೊಗರಿ ಬ್ಯಾಳಿ ವ್ಯಾಪಾರ. ನಮ್ಮೂರಾಗ ಒಂದು ದಿನಾನೂ ನೋಡಲಿಲ್ಲ, ಆಕಾಶದಾಗ ಭೇಟಿ ಆಗಾಕತ್ತೀವಿ ನೋಡ್ರಿ.’ ತನ್ನ ಮಾತಿಗೆ ತಾನೇ ನಕ್ಕು ಅವನು ದನಿ ತಗ್ಗಿಸಿದ. ‘ನನಗ ಎದಿ ಢವಢವ ಅನ್ನಾಕತ್ತದ. ಮಂದಿ ಮುಂದ ಹೇಳಬ್ಯಾಡ್ರಿ ಮತ್ತ.’

ಮುಕ್ತಾಬಾಯಿಗೆ ಅವನು ಒಳ್ಳೆಯವನೆನ್ನಿಸಿತು. ಆದರೂ ಅವನ ಮೊಣಕೈ ತಗಲದಂತೆ ಕಿಟಕಿಯ ಕಡೆ ಸರಿದಳು. ಅದು ಮನಸ್ಸು ಹೇಳಿ ಮಾಡುವ ಕೆಲಸವಲ್ಲ, ಮೈ ತಾನೇ ಮಾಡುತ್ತದೆ. ಹದಿಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಈ ಮೈ ಕಲಿತ ವಿದ್ಯೆಯೆಲ್ಲ ಸರಿಯುವುದೇ. ಬಾಗಿಲಲ್ಲಿ ಸರಿ, ಬೀದಿಯಲ್ಲಿ ಸರಿ, ಬಾವಿಯ ಕಟ್ಟೆಯ ಮೇಲೆ ಸರಿ. ಮುಟ್ಟಬಾರದವರು ಎಷ್ಟೊಂದು ಜನ ಇದ್ದರೆಂದರೆ ಮುಟ್ಟಬಹುದಾದವರು ಯಾರೂ ಉಳಿದಿರಲಿಲ್ಲ. ಬಂಡು ಒಬ್ಬ. ತಾಯಿ ಹೆತ್ತು ಕೈಗೆ ಕೊಟ್ಟು ಹೋದ ಕೂಸು ಅದು. ಬತ್ತಲೆ ಕೂಸಿಗೆ ಮೈಲಿಗೆಯಿಲ್ಲ, ಮೈಲಿಗೆಯೆಲ್ಲ ಬಟ್ಟೆಗೆ. ಅದಕ್ಕೇ ಅವನು ಬೀದಿಯಿಂದ ಆಡಿ ಬಂದವನೇ ಹೊಸ್ತಿಲಲ್ಲಿ ನಿಂತು ಅಂಗಿ ಚಡ್ಡಿ ಕಿತ್ತೊಗೆದು, ‘ಬಿಚ್ಚೀನಿ, ಬಿಚ್ಚೀನಿ’ ಎಂದು ಕೂಗುತ್ತ ಓಡಿ ಬಂದು ಅಡುಗೆಮನೆಯಲ್ಲಿ ಅವಳ ಮೇಲೆ ಬೀಳುತ್ತಿದ್ದ. ಆ ಭಾರ, ಆ ಬಿಸಿ, ಬೆವರಿದ ಕುತ್ತಿಗೆಯ ಮಣ್ಣಿನ ವಾಸನೆ. ಎಂಟನೆಯ ವರ್ಷಕ್ಕೆ ಮುಂಜಿಯಾಯಿತು, ಅವನಿಗೂ ನಾಚಿಕೆ ಬಂತು, ಅಲ್ಲಿಗೆ ಅದೂ ಮುಗಿಯಿತು. ಇವತ್ತು ಕೋಟು ಹಾಕಿಕೊಂಡು ನಿಂತು ದೂರದಿಂದಲೇ ಕೈ ಬೀಸಿದ. ನಾಯಿಗೆಲ್ಲಿದೆ ಅಂಗಿ ಎಂದು ಒಂದೆರಡು ಸಲ ಮುಕ್ತಾಬಾಯಿ ಯೋಚಿಸಿದ್ದುಂಟು. ಹುಟ್ಟಿದಾಗಿಂದ ಬತ್ತಲೆ ಇರುವ ಪ್ರಾಣಿ. ಆದರೆ ಇಂಥ ತಕರಾರನ್ನು ಯಾವ ಆಚಾರ್ಯರ ಮುಂದೆ ಇಡುವುದು?

ರೆಕ್ಕೆಯ ಮೇಲಿನ ಯಂತ್ರ ಕೆಮ್ಮಿತು, ಹೊಗೆ ಉಗುಳಿತು, ತಿರುಗತೊಡಗಿತು. ಆ ಸದ್ದು ಕುರ್ಚಿಯ ಕಾಲುಗಳಿಂದ ಹತ್ತಿ ಹಲ್ಲಿನ ತನಕ ಬಂತು. ಧಾಬಳಿಯೊಳಗೆ ನಡುಕ ಶುರುವಾಯಿತು.

ಇದೇ ಸದ್ದು. ಕಮಲಾಪುರದ ಹೊಲದ ಮನೆಯ ಮೇಲೆ, ಪೊಲೀಸ್ ಆಕ್ಷನ್ನಿನ ಆ ವಾರ, ಹಗಲು ಹೊತ್ತಿನಲ್ಲಿ ಹಾದುಹೋದ ಸದ್ದು. ಆಗ ರಜಾಕಾರರ ಕಾಲ ಮುಗಿಯಿತೆಂದು ಊರಿಗೆ ಊರೇ ಉಸಿರು ಬಿಟ್ಟಿತ್ತು. ಬಿಟ್ಟ ಉಸಿರು ಎರಡು ದಿನಕ್ಕೆ ಬೇರೆ ಥರದ ಕೂಗಾಗಿ, ಸಾಬರ ಓಣಿಯ ಕಡೆ ತಿರುಗಿತು. ಗೋಡೆಯಾಚೆಯ ಮನೆ ಲತೀಫಾಳದು. ಗಂಡ ಸಲಾವುದ್ದೀನ್ ಟಪಾಲು ಆಫೀಸಿನಲ್ಲಿದ್ದವನು, ಹಿಂದಿನ ವರ್ಷ ಜ್ವರ ಬಂದು ಹೋಗಿದ್ದ. ಮಕ್ಕಳಿಲ್ಲ, ಇದ್ದದ್ದೊಂದು ನಾಯಿ. ಬಾಳೆಯ ತೋಟ ದಾಟಿ ಹಿತ್ತಿಲ ಬಾಗಿಲಿಗೆ ಬಂದು ನಿಂತಳು, ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಒಂದೇ ಚಪ್ಪಲಿ, ಹಿಂದೆ ಬತ್ತಾಸಿ. ‘ಬಾಯಿ’ ಎಂದಳು, ಎರಡೂ ಕೈ ಚಾಚಿದಳು. ಮುಕ್ತಾಬಾಯಿ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ನೀರು ತರುತ್ತಿದ್ದವಳು, ಹಿಂದಕ್ಕೆ ಸರಿದಳು. ಒಂದು ಹೆಜ್ಜೆ. ಆ ಹೊತ್ತಿನಲ್ಲಿ, ಆ ಮುಖ ನೋಡಿಯೂ, ಮೊದಲು ಸರಿದು ಆಮೇಲೆ ‘ಒಳಗ ಬಾ’ ಎಂದಳು. ಒಳಗೆಂದರೆ ಮನೆಯೊಳಗಲ್ಲ. ದನದ ಕೊಟ್ಟಿಗೆ.

ನಾಲ್ಕು ದಿನ ಲತೀಫಾ ಕೊಟ್ಟಿಗೆಯ ಹುಲ್ಲಿನ ಹಿಂದೆ ಇದ್ದಳು. ಮೂರನೆಯ ದಿನ ಕೈಯಲ್ಲಿ ಬಡಿಗೆ ಹಿಡಿದ ಏಳೆಂಟು ಜನ ಅಂಗಳದ ಅಂಚಿಗೆ ಬಂದರು, ನೋಡಿ ಗುರುತಿದ್ದ ಮುಖಗಳೇ. ಮುಕ್ತಾಬಾಯಿ ಬಾಗಿಲಿಗೆ ಅಡ್ಡ ನಿಂತು, ‘ಮಡಿಯೊಳಗ ಇದ್ದೀನಿ, ಅಂಗಳಾ ಸಾರಿಸೀನಿ, ಒಂದು ಹೆಜ್ಜಿ ಮುಂದ ಇಡಬ್ಯಾಡ್ರಿ’ ಎಂದಳು. ಅವರು ನಿಂತರು. ಬಡಿಗೆ ಹಿಡಿದು ಬಂದವರು ಸೆಗಣಿಯ ಸಾರಣೆ ತುಳಿಯಲು ಅಂಜಿ ಹಿಂದಿರುಗಿದರು. ಇದನ್ನೇ ಬಂಡು ಹೈದರಾಬಾದಿನಲ್ಲಿ ಗೆಳೆಯರಿಗೆಲ್ಲ ಹೇಳಿ ಅಕ್ಕನನ್ನು ಹೊಗಳುತ್ತಾನೆ. ಅವಳಿಗೆ ನೆನಪಾಗುವುದು ಅದಲ್ಲ, ರೊಟ್ಟಿ. ದಿನಕ್ಕೆರಡು ಸಲ ಕೊಟ್ಟಿಗೆಗೆ ಹೋಗಿ, ರೊಟ್ಟಿಯನ್ನು ಮೇಲಿನಿಂದ ಬಿಡುವುದು. ಲತೀಫಾ ಸೆರಗು ಒಡ್ಡಿ ಹಿಡಿಯುವುದು. ಮೊದಲ ದಿನ ಹೇಳಿಕೊಡಬೇಕಾಯಿತು, ಮರುದಿನದಿಂದ ಹೆಜ್ಜೆಯ ಸದ್ದು ಕೇಳಿದ ಕೂಡಲೇ ಸೆರಗು ತಾನೇ ಹರಡಿಕೊಳ್ಳುತ್ತಿತ್ತು. ಆಮೇಲೆ ಇನ್ನೊಂದು ತುಂಡು ನಾಯಿಗೆ. ಅದೂ ಮೇಲಿನಿಂದಲೇ, ಅಷ್ಟೇ ಎತ್ತರದಿಂದ. ಇಬ್ಬರಿಗೂ ಒಂದೇ ರೀತಿ ಹಾಕಿದೆನಲ್ಲ ಎಂದು ಆಗ ಹೊಳೆಯಲಿಲ್ಲ. ಹೊಳೆದದ್ದು ಲತೀಫಾ ಹೋದ ಮೇಲೆ, ಒಂದು ಮಧ್ಯಾಹ್ನ ನಾಯಿಗೆ ರೊಟ್ಟಿ ಹಾಕುವಾಗ. ಅವತ್ತು ಮುಕ್ತಾಬಾಯಿ ಊಟ ಮಾಡಲಿಲ್ಲ.

ಐದನೆಯ ದಿನ ಮುಂಬಯಿಯಿಂದ ಲತೀಫಾಳ ಅಣ್ಣ ಬಂದು ಕರೆದುಕೊಂಡು ಹೋದ. ಹತ್ತು ದಿನಕ್ಕೆ ಯಾರನ್ನಾದರೂ ಕಳಿಸುತ್ತೇನೆಂದು ನಾಯಿಯನ್ನು ಗೂಟಕ್ಕೆ ಕಟ್ಟಿ ಹೋದಳು. ಯಾರು ಬರುತ್ತಾರೆ? ಮುಕ್ತಾಬಾಯಿ ಕಲಬುರ್ಗಿಯ ಮನೆಗೆ ಬಂದಾಗ ನಾಯಿ ಚಕ್ಕಡಿಯ ಹಿಂದೆ ಓಡಿ ಬಂತು. ಪ್ರತಿ ಈದಿಗೆ ಒಂದು ಉರ್ದು ಕಾಗದ; ಓಣಿಯ ತುದಿಯ ಮಾಸ್ತರ ಅಲ್ಲಾಬಕ್ಷ ಕಟ್ಟೆಯ ಕೆಳಗೆ ನಿಂತು ಓದಿ ಹೇಳುತ್ತಿದ್ದ. ಈ ಸಲದ ಕಾಗದದಲ್ಲಿ ಇತ್ತು: ‘ಅಣ್ಣ ನನಗೆ ಬೇರೆ ಖೋಲಿ ಮಾಡಿಕೊಟ್ಟಿದ್ದಾನೆ. ಮುಂದೆ ಸಣ್ಣ ಪಡಸಾಲೆ ಇದೆ, ಬಿಸಿಲು ಬರುತ್ತದೆ. ಬತ್ತಾಸಿ ಇನ್ನೂ ಇದ್ದರೆ ತಿಳಿಸಿರಿ. ಇಲ್ಲದಿದ್ದರೆ ತಿಳಿಸಬೇಡಿರಿ.’ ಅಲ್ಲಾಬಕ್ಷ ಓದಿ ಮುಗಿಸಿ ಕನ್ನಡಕ ಒರೆಸಿಕೊಂಡ. ಬತ್ತಾಸಿ ಕಟ್ಟೆಯ ಮೇಲೆ ಕೂತಿತ್ತು, ಮುಕ್ತಾಬಾಯಿಯಿಂದ ಒಂದು ಗೇಣು ದೂರದಲ್ಲಿ.

ಅದೇ ಅದರ ರೀತಿ, ಒಂದು ಗೇಣು. ಯಾರೂ ಕಲಿಸಲಿಲ್ಲ. ಮೊದಮೊದಲು ಹತ್ತಿರ ಬಂದಾಗ ಮುಕ್ತಾಬಾಯಿ ಹಚಾ ಎಂದು ಸರಿದಿರಬೇಕು, ನಾಲ್ಕೈದು ಸಲ. ಆಮೇಲೆ ಅದೇ ಲೆಕ್ಕ ಹಾಕಿಕೊಂಡಿತು. ಆಕೆ ತುಳಸಿಕಟ್ಟೆ ಸುತ್ತಿದರೆ ತಾನೂ ಸುತ್ತುವುದು, ಒಂದು ಗೇಣು ಬಿಟ್ಟು. ಆಕೆ ಬತ್ತಿ ಹೊಸೆಯುತ್ತ ಕೂತರೆ ಎದುರಿಗೆ ಮಲಗುವುದು, ಒಂದು ಗೇಣು ಬಿಟ್ಟು. ಬಾಲ ಅಲ್ಲಾಡಿಸುವಾಗಲೂ ಬಾಲ ತಗಲದಂತೆ ತಿರುಗಿ ನಿಲ್ಲುವುದು. ಆಕಾಶದಲ್ಲಿ ಎಲ್ಲಿಯಾದರೂ ವಿಮಾನದ ಸದ್ದಾದರೆ ಮಾತ್ರ ಎಲ್ಲಿದ್ದರೂ ಓಡಿ ಬಂದು, ಆ ಗೇಣಿನ ಗೆರೆಯ ಮೇಲೆ ಗಕ್ಕನೆ ನಿಂತು, ಅಲ್ಲೇ ಕುಸಿದು ನಡುಗುವುದು. ಓಣಿಯ ಹೆಂಗಸರು ‘ನಿಮ್ಮ ನಾಯೀನೂ ಮಾಧ್ವರದೇ ಬಿಡ್ರಿ’ ಎಂದು ನಗುತ್ತಿದ್ದರು. ಮುಕ್ತಾಬಾಯಿಯೂ ನಗುತ್ತಿದ್ದಳು. ಎಷ್ಟು ಶಾಣ್ಯಾ ಇದೆ ನೋಡು ಎಂದು ಹೆಮ್ಮೆಯನ್ನೂ ಪಟ್ಟಿದ್ದಳು.

ವಿಮಾನ ಓಡಿತು, ಓಡಿತು, ನೆಲ ಬಿಟ್ಟಿತು. ಮಾಣಿಕಪ್ಪ ಕಣ್ಣು ಮುಚ್ಚಿ ‘ಶರಣಬಸಪ್ಪಾ, ಶರಣಬಸಪ್ಪಾ’ ಎನ್ನುತ್ತಿದ್ದ. ಒಬ್ಬ ಹುಡುಗಿ, ಗಂಡಸರಂತೆ ಟೋಪಿ ಹಾಕಿಕೊಂಡವಳು, ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರ್‌ಮಿಂಟು ಹಂಚುತ್ತ ಬಂದಳು. ಮುಕ್ತಾಬಾಯಿ ಹತ್ತಿ ತೆಗೆದುಕೊಂಡಳು, ಪೆಪ್ಪರ್‌ಮಿಂಟು ಬೇಡವೆಂದಳು. ನಿನ್ನೆ ಸಂಜೆಯಿಂದ ಆಕೆಯ ಬಾಯಿಗೆ ನೀರಿನ ಹನಿಯೂ ಬಿದ್ದಿರಲಿಲ್ಲ. ಹುಡುಗಿ ಹಿಂದೂಸ್ತಾನಿಯಲ್ಲಿ ‘ಮುದ್ದಾಗಿದೆ, ನಿಮ್ಮದೇನು?’ ಎಂದು ಕೇಳಿ ಬತ್ತಾಸಿಯ ತಲೆ ಸವರಿದಳು. ಎಷ್ಟು ಸಲೀಸಾಗಿ! ಕೇಳದೆ, ಹೆದರದೆ, ಹೋಗುತ್ತ ಹೋಗುತ್ತ. ಬತ್ತಾಸಿ ಆ ಕೈಯ ಕಡೆ ಮೂಗೆತ್ತಿತು. ಮುಕ್ತಾಬಾಯಿಗೆ ಹೊಟ್ಟೆಕಿಚ್ಚಾಯಿತು, ಐವತ್ಮೂರು ವರ್ಷದ ಮುದುಕಿಗೆ, ಒಂದು ನಾಯಿಯ ತಲೆಯ ವಿಷಯಕ್ಕೆ. ‘ನನ್ನದಲ್ಲ’ ಎಂದಳು ಬಿರುಸಾಗಿ.

ನನ್ನದಲ್ಲ. ಮತ್ತೆ ಯಾಕೆ ಬಂದೆ? ಬಂಡು ಹಿಡಿದುಕೊಂಡು ಹೋಗಿ ಕೊಟ್ಟು ಬರಬಹುದಿತ್ತಲ್ಲ. ಅವನೇ ಹಾಗೆಂದು ಬರೆದಿದ್ದ. ಇಲ್ಲ, ನಾನೇ ಕೊಡಬೇಕು ಎಂದು ಹಟ ಹಿಡಿದವಳು ತಾನೇ. ನಿನ್ನೆ ಕಲಬುರ್ಗಿಯ ಜಗತ್‌ನಿಂದ ಹೊರಟ ಬಸ್ಸು ಕಮಲಾಪುರದಲ್ಲಿ ನಿಂತಾಗ, ಡ್ರೈವರ್ ಮಾಪಣ್ಣನಿಗೆ ಹತ್ತು ನಿಮಿಷ ಬೇಡಿಕೊಂಡು, ಇಳಿದು, ಲತೀಫಾಳಿಗೆಂದು ಕೆಂಪು ಬಾಳೆಹಣ್ಣು ಕೊಂಡಿದ್ದಳು. ಕೊಟ್ಟಿಗೆ ನೋಡಲು ಹೋಗಲಿಲ್ಲ. ಹೋಗಬಹುದಿತ್ತು, ಹತ್ತೇ ಮಾರು. ಹಣ್ಣಿನವಳು ‘ಯಾರಿಗ್ರೀ ಇಷ್ಟು?’ ಎಂದರೆ ‘ನಮ್ಮ ನೆರಮನಿಯಾಕಿಗೆ’ ಎಂದಿದ್ದಳು. ಮುಂಬಯಿಯಲ್ಲಿ ಲತೀಫಾ ಎದುರು ಬಂದಾಗ ಏನು ಮಾಡುವುದು? ಬುಟ್ಟಿಯಿದ್ದಿದ್ದರೆ ನೆಲದ ಮೇಲೆ ಇಟ್ಟು ಸರಿಯಬಹುದಿತ್ತು. ಬುಟ್ಟಿ ಇಲ್ಲ. ಧಾಬಳಿಯನ್ನು ಕೆಳಗೆ ಹಾಸಿ ಸರಿಯಬಹುದು. ಸರಿಯುವುದಕ್ಕೆ ಜಾಗ ಎಲ್ಲಿದ್ದರೂ ಇರುತ್ತದೆ ಎಂದುಕೊಂಡಾಗ ಆಕೆಗೆ ತನ್ನ ಮೇಲೆ ಹೇಸಿಗೆಯಾಯಿತು.

ಆಗ ವಿಮಾನ ಬಿತ್ತು. ಬಿದ್ದಿತೆಂದೇ ಎಲ್ಲರೂ ತಿಳಿದರು. ಯಾರೋ ಚೀರಿದರು. ಮಾಣಿಕಪ್ಪನ ರುಮಾಲು ಅವನ ಮಡಿಲಿಗೆ ಉರುಳಿತು. ಒಂದು ಗಳಿಗೆ ಕೆಳಗೆ ಏನೂ ಇಲ್ಲದಂತಾಗಿ, ಮತ್ತೆ ಧಡ್ ಎಂದು ಕುರ್ಚಿ ಬೆನ್ನಿಗೆ ಬಂತು. ಮುಕ್ತಾಬಾಯಿಯ ಕೈಯಿಂದ ಧಾಬಳಿಯ ತುದಿಗಳು ಜಾರಿದವು. ಬತ್ತಾಸಿ ಉಣ್ಣೆಯಿಂದ ಹೊರಗೆ ಬಂದು ಅವಳ ಮೊಣಕಾಲಿನ ಮೇಲೆ ಬರಿ ಕಾಲಿನಲ್ಲಿ ನಿಂತಿತು. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಅಪ್ಪಿಕೊಳ್ಳಲು ಬರುತ್ತದೆ ಎಂದುಕೊಂಡಳು. ಅದು ಬರಲಿಲ್ಲ. ಹಿಂದಕ್ಕೆ ಸರಿಯಿತು. ಮೊಣಕಾಲಿನ ತುದಿಯ ತನಕ ಸರಿದು, ಅಲ್ಲಿಂದ ಕೆಳಗೆ ನೋಡಿ, ಇಳಿಯಲು ಜಾಗ ಹುಡುಕತೊಡಗಿತು. ಮುದುಕಿ ನಾಯಿ, ಸಾಯುವಷ್ಟು ಹೆದರಿದ ನಾಯಿ, ಆ ಹೆದರಿಕೆಯಲ್ಲೂ ಗೇಣಿನ ಗೆರೆ ಎಲ್ಲಿದೆಯೆಂದು ಹುಡುಕುತ್ತಿತ್ತು. ಇಷ್ಟು ಹೊತ್ತೂ ಅದು ಬಿಗಿಯಾಗಿ ಕೂತದ್ದು ವಿಮಾನಕ್ಕೆ ಹೆದರಿ ಅಲ್ಲ. ತನ್ನ ಮೈ ಅವಳಿಗೆ ತಗಲಬಾರದೆಂದು. ಅಯ್ಯೋ, ಎಂಥ ಪಾಠ ಕಲಿಸಿದೆ ನಾನು ಇದಕ್ಕೆ.

‘ಬಾರ ಇಲ್ಲಿ’ ಎಂದಳು ಮುಕ್ತಾಬಾಯಿ. ಅದು ನಂಬಲಿಲ್ಲ. ಆಕೆ ಎರಡೂ ಕೈ ಚಾಚಿ, ಬರಿ ಕೈ, ಅದರ ಪಕ್ಕೆಗಳ ಕೆಳಗೆ ಹಿಡಿದು ಎತ್ತಿ ಎದೆಗೆ ಒತ್ತಿಕೊಂಡಳು. ಎಷ್ಟು ಹಗುರ! ನಾಲ್ಕು ವರ್ಷ ನೋಡಿದ್ದಳು, ಇಷ್ಟು ಹಗುರವೆಂದು ಗೊತ್ತಿರಲಿಲ್ಲ. ಕೂದಲಿನ ಒಳಗೆ ಎಲುಬುಗಳು ಬೆರಳಿಗೆ ಎಣಿಕೆಗೆ ಸಿಗುತ್ತಿದ್ದವು. ಹೊಟ್ಟೆ ಬೆಚ್ಚಗಿತ್ತು, ಆಗ ತಾನೆ ಕಾವಲಿಯಿಂದ ತೆಗೆದ ರೊಟ್ಟಿಯಷ್ಟು. ಅದರ ಎದೆ ಬಡಿದುಕೊಳ್ಳುತ್ತಿದ್ದುದು ಅವಳ ಅಂಗೈಗೆ ಬಡಿಯುತ್ತಿತ್ತು. ಮೊದಲು ಅದು ಉಸಿರೇ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಮೂತಿಯನ್ನು ತಂದು ಅವಳ ಕುತ್ತಿಗೆಯ ಸಂದಿನಲ್ಲಿ ಇಟ್ಟಿತು. ತಣ್ಣನೆಯ ಮೂಗು. ನಾಯಿಯ ಮೂಗು ಇಷ್ಟು ತಣ್ಣಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಮುಕ್ತಾಬಾಯಿಯ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮಾಣಿಕಪ್ಪ ರುಮಾಲು ಎತ್ತಿ ತಲೆಗೆ ಇಟ್ಟುಕೊಂಡ. ನೋಡಿದ. ಕಾಲ ಬುಡಕ್ಕೆ ಬಿದ್ದಿದ್ದ ಧಾಬಳಿಯನ್ನು ಬೆರಳ ತುದಿಯಿಂದ ಎತ್ತಿ, ‘ಇದನ್ನ ಏನು ಮಾಡ್ಲಿರೀ?’ ಎಂದ.

‘ನಿಮಗ ಥಂಡಿ ಆದ್ರ ಹೊತಗೋರಿ’ ಎಂದಳು.

ಅವನು ನಿಜವಾಗಿಯೂ ಹೊದ್ದುಕೊಂಡ. ಆಮೇಲೆ ಮುಂದಿನ ಕುರ್ಚಿಗಳಿಂದ ಕೈಯಿಂದ ಕೈಗೆ ದಾಟುತ್ತ ಒಂದು ಚೀಟಿ ಬಂತು; ವಿಮಾನ ನಡೆಸುವವನು ಎಷ್ಟು ಎತ್ತರದಲ್ಲಿದ್ದೇವೆ, ಎಲ್ಲಿದ್ದೇವೆ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದ. ಮಾಣಿಕಪ್ಪ ಅಕ್ಷರ ಕೂಡಿಸಿ ಓದಿದ. ‘ಏಳು ಸಾವಿರ ಫೂಟು ಅಂತ್ರೀ. ಎಡಗಡೆ ಕೆಳಗ ಹುಮನಾಬಾದ ಅಂತ. ಹಂಗಾದ್ರ ಅದರ ಆಚೀಗಿ ನಮ್ಮ ಕಡೀನೇ ಆತು, ಕಮಲಾಪುರ, ಕಲಬುರ್ಗಿ ಎಲ್ಲಾ ಅಲ್ಲೇ ಇರಬೇಕು ನೋಡ್ರಿ.’ ಮುಕ್ತಾಬಾಯಿ ನಾಯಿಯನ್ನು ಎತ್ತಿಕೊಂಡೇ ಕಿಟಕಿಗೆ ಮುಖ ಹಚ್ಚಿದಳು. ಕರಿ ಹೊಲಗಳು, ಹಸಿರು ಹೊಲಗಳು, ಮಸುಕಾದ ಒಂದು ರಸ್ತೆ. ಓಣಿಗಳಿಲ್ಲ, ಗೋಡೆಗಳಿಲ್ಲ. ಯಾವ ಮನೆ ಯಾರದೆಂದು ಇಲ್ಲಿಂದ ತಿಳಿಯುವಂತಿಲ್ಲ, ಕೊಟ್ಟಿಗೆ ಯಾವುದು ಅಡುಗೆಮನೆ ಯಾವುದು ಎಂದಂತೂ ಕೇಳಲೇ ಬೇಡ. ಇಷ್ಟೇ ಕೆಲಸ ಇದ್ದದ್ದು, ಎಂದುಕೊಂಡಳು. ಕೈ ಮುಂದೆ ಚಾಚುವುದು. ಇವತ್ತು ನಾಯಿಗೆಂದು ಕೈ ಚಾಚಿತು, ಅವತ್ತು ಮನುಷ್ಯಳಿಗೆ ಚಾಚಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದವಳನ್ನು ನೋಡಿ ಲತೀಫಾ ಚಾಚಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದ್ದಳು, ತಪ್ಪು ತನ್ನದೇ ಎನ್ನುವಂತೆ. ಆ ಕೈಗಳು ಕೆಳಗಿಳಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬತ್ತಾಸಿ ನಿದ್ದೆ ಹೋಗಿತ್ತು. ಆ ಹಗುರಾದ ಭಾರ ಹೆಚ್ಚಾಗುತ್ತ ಆಗುತ್ತ ತೋಳು ಮರಗಟ್ಟಿತು. ಇನ್ನು ಒಂದೂವರೆ ತಾಸು, ಇನ್ನು ಒಂದು ತಾಸು. ಮುಕ್ತಾಬಾಯಿ ತೋಳು ಬದಲಿಸಲಿಲ್ಲ.

ಮುಂಬಯಿಯಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಾಣಿಕಪ್ಪ ಧಾಬಳಿಯನ್ನು ಮಡಿಚಿ ಅವಳ ಬಾಳೆಹಣ್ಣಿನ ಗಂಟಿನ ಮೇಲೆ ಇಟ್ಟು, ‘ಊರಾಗ ಸಿಗೋಣ್ರಿ ಬಾಯಾರ, ನೆಲದ ಮ್ಯಾಲ’ ಎಂದು ಹೋದ. ಕಟಕಟೆಯ ಆಚೆ ಗುಂಪಿನಲ್ಲಿ ಲತೀಫಾ ನಿಂತಿದ್ದಳು. ಸೊರಗಿದ್ದಳು, ಕನ್ನಡಕ ಬಂದಿತ್ತು, ಆದರೂ ನೋಡಿದ ಕೂಡಲೇ ಗುರುತು ಹತ್ತಿತು. ಅವಳಿಗೂ ಹತ್ತಿತು. ಬತ್ತಾಸಿಯ ಮೂಗು ಎಲ್ಲರಿಗಿಂತ ಮೊದಲು ಎದ್ದಿತು. ಅದು ಎದೆಯ ಮೇಲೇ ಒದ್ದಾಡಿ ಸಣ್ಣಗೆ ಕುಂಯ್‌ಗುಟ್ಟತೊಡಗಿತು. ಲತೀಫಾ ಓಡಿ ಬಂದಳು. ಬಂದವಳು ಮೂರು ಹೆಜ್ಜೆ ಇರುವಾಗಲೇ ಗಕ್ಕನೆ ನಿಂತಳು. ಮುಕ್ತಾಬಾಯಿಯ ತೋಳಿನಲ್ಲಿ ನಾಯಿ ಹೇಗೆ ಬಂತೆಂದು ಅವಳಿಗೆ ತಿಳಿಯಲಿಲ್ಲ, ತಿಳಿಯುವಷ್ಟು ವ್ಯವಧಾನವೂ ಇರಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಕೈಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಸೀರೆಯ ಸೆರಗನ್ನು ಎಳೆದು, ಮುಂದೆ ಒಡ್ಡಿ, ಹರಡಿ ಹಿಡಿದವು.

‘ಹಾಕ್ರೀ ಬಾಯಿ, ಇದರಾಗ ಹಾಕ್ರೀ’ ಎಂದಳು.

ಸುತ್ತ ಜನ ನೂಕುತ್ತಿದ್ದರು. ಮುಕ್ತಾಬಾಯಿ ಆ ಹರಡಿದ ಸೆರಗನ್ನು ನೋಡಿದಳು. ಮೂರು ಹೆಜ್ಜೆ ಮುಂದೆ ಹೋದಳು.

‘ಸೆರಗ ಬಿಡು, ಲತೀಫಾ. ಕೈ ಕೊಡು.’

ಲತೀಫಾಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ನಂಬಲಿಲ್ಲವೋ, ಸೆರಗು ಹಾಗೇ ಇತ್ತು. ಮುಕ್ತಾಬಾಯಿ ನಾಯಿಯನ್ನು ಒಂದು ತೋಳಿಗೆ ಮಾಡಿಕೊಂಡು, ಇನ್ನೊಂದು ಕೈಯಿಂದ ಸೆರಗನ್ನು ಬಿಡಿಸಿ, ಅವಳ ಬಲಗೈಯನ್ನು ಹಿಡಿದು ಬತ್ತಾಸಿಯ ಹೊಟ್ಟೆಯ ಕೆಳಗೆ ಇಟ್ಟಳು, ಎಡಗೈಯನ್ನು ಎದೆಯ ಕೆಳಗೆ. ತನ್ನ ಕೈಗಳನ್ನು ತೆಗೆಯಲಿಲ್ಲ. ನಾಲ್ಕು ಕೈಗಳ ಮೇಲೆ ನಾಯಿ ಒದ್ದಾಡುತ್ತ, ಒಮ್ಮೆ ಇವಳ ಗದ್ದ, ಒಮ್ಮೆ ಅವಳ ಕನ್ನಡಕ ನೆಕ್ಕುತ್ತ, ಯಾರ ಕಡೆ ಹೋಗುವುದೆಂದು ತಿಳಿಯದೆ ಹುಚ್ಚಾಯಿತು. ಲತೀಫಾಳ ಬೆರಳುಗಳು ಒರಟಾಗಿದ್ದವು, ಬೆಚ್ಚಗಿದ್ದವು.

‘ಬಾಯಿ, ಇದೇನ್ರೀ ಇದು’ ಎಂದಳು ಲತೀಫಾ ಅಳುತ್ತ. ‘ಮುಟ್ಟಿಬಿಟ್ರಲ್ಲ. ಈಗ ಸ್ನಾನ ಮಾಡಬೇಕಾಗ್ತದ ನಿಮಗ. ಇಲ್ಲಿ ನೀರು ಎಲ್ಲಿ ತರಲಿ ನಾ?’

‘ನೋಡೂಣು’ ಎಂದಳು ಮುಕ್ತಾಬಾಯಿ. ‘ಸಂಜಿಗೆ ಭಾಳ ಧಗಿ ಆದ್ರ ಮಾಡ್ತೀನಿ.’